ಮಳೆ ಬಂತು, ಮಳೆರಾಯ ಬಂದ: ಪ್ರಾಥಮಿಕ ಶಾಲೆಯಲ್ಲಿ ಮಾನವೀಕರಣ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕನೇ ಮತ್ತು ಐದನೇ ತರಗತಿಗೆ ಕನ್ನಡ ಪಾಠ ಮಾಡುವವಳು ನಾನು. ಕ್ಲಸ್ಟರ್ ಸಭೆಯಲ್ಲಿ ಚಹಾ ಕುಡಿಯುವಾಗ ಸಹಶಿಕ್ಷಕರು, ಬಸ್ಸಿನಲ್ಲಿ ಪಕ್ಕ ಕೂತಾಗ ಪೋಷಕರು ಇದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ನನಗೂ ಅನುಕೂಲ ಅನ್ನಿಸಿತು.

ಮಾನವೀಕರಣ ಅಂದರೆ ಏನು? ಚಿಕ್ಕದಾಗಿ ಹೇಳಿ.

ಮನುಷ್ಯರಲ್ಲದ್ದಕ್ಕೆ ಮನುಷ್ಯರ ಕೆಲಸವನ್ನೋ ಮಾತನ್ನೋ ಮನಸ್ಸನ್ನೋ ಕೊಡುವುದು. "ಗಾಳಿ ಬಾಗಿಲು ತಟ್ಟಿತು." ಗಾಳಿಗೆ ಕೈ ಇಲ್ಲ. ಆದರೂ ತಟ್ಟಿತು ಅಂದೆವು, ಕೇಳಿದವರಿಗೆ ಅರ್ಥವೂ ಆಯಿತು.

ಇದಕ್ಕೆ ಸರಿಯಾದ ಕನ್ನಡ ಹೆಸರು ಯಾವುದು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಾನವೀಕರಣ, ಮಾನುಷೀಕರಣ, ವ್ಯಕ್ತೀಕರಣ, ಚೇತನಾರೋಪ ಎಲ್ಲವೂ ಚಾಲ್ತಿಯಲ್ಲಿವೆ. ನಾನು ಮೊದಲನೆಯದನ್ನು ಬಳಸುತ್ತೇನೆ. ಅದರಲ್ಲಿ "ಮಾನವ" ಅನ್ನುವ ಪದ ಮಕ್ಕಳಿಗೆ ಕಾಣುತ್ತದೆ, ಅಷ್ಟೇ ಕಾರಣ.

ಪ್ರೌಢಶಾಲೆಯ ವ್ಯಾಕರಣದಲ್ಲಿ ಉಪಮೆ, ರೂಪಕ, ದೃಷ್ಟಾಂತ, ಉತ್ಪ್ರೇಕ್ಷೆ ಇವುಗಳ ಸಾಲಿನಲ್ಲಿ ಇದಕ್ಕೆ ಬೇರೆ ಕುರ್ಚಿ ಹಾಕಿಲ್ಲ. ಇಂಗ್ಲಿಷ್ ಪಾಠದಲ್ಲಿ ಮಾತ್ರ ಪರ್ಸಾನಿಫಿಕೇಶನ್ ಅಂತ ಹೆಸರು ಕೇಳಿಬರುತ್ತದೆ. ಹಾಗಾಗಿ ಇದು ಇಂಗ್ಲಿಷಿನಿಂದ ಬಂದದ್ದು ಅಂತ ಎಷ್ಟೋ ಶಿಕ್ಷಕರು ನಂಬಿದ್ದಾರೆ. ಅಲ್ಲ. ನೈದಿಲೆಗಳು ಕಣ್ಣು ಮುಚ್ಚುತ್ತವೆ, ತಾವರೆಗಳು ಕಣ್ಣು ತೆರೆಯುತ್ತವೆ ಅನ್ನುವ ಉದಾಹರಣೆ ಕೊಟ್ಟು ಹಳೆಯ ಸಂಸ್ಕೃತ ಕಾವ್ಯಮೀಮಾಂಸಕ ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಇದನ್ನು 'ಸಮಾಧಿ' ಅನ್ನುವ ಕಾವ್ಯಗುಣವಾಗಿ ವಿವರಿಸಿದ್ದಾನೆ. ಒಂದರ ಧರ್ಮವನ್ನು ಇನ್ನೊಂದರ ಮೇಲೆ ಇಡುವುದು, ಆದರೆ ಲೋಕ ಒಪ್ಪುವಷ್ಟು ಮಾತ್ರ. ಆ ಕೊನೆಯ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಕ್ಕಳಿಗೆ ಇದ್ಯಾವುದನ್ನೂ ಹೇಳಬೇಡಿ.

ಯಾವ ತರಗತಿಯಿಂದ ಶುರು ಮಾಡಬೇಕು?

ಆಟವಾಗಿ ಯಾವಾಗ ಬೇಕಾದರೂ. ಹೆಸರಿಟ್ಟು ಪಾಠವಾಗಿ ನಾಲ್ಕನೇ ತರಗತಿಗಿಂತ ಮೊದಲು ಬೇಡ.

ಕಾರಣ ಇದೆ. ಒಂದನೇ ತರಗತಿಯ ಮಗುವನ್ನು ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ನೋಡಿ. "ಚಂದ್ರ ನಮ್ಮ ಜೊತೆನೇ ಬರ್ತಿದಾನೆ" ಅನ್ನುತ್ತದೆ. ಅದು ಅಲಂಕಾರ ಅಲ್ಲ, ಮಗು ಹಾಗೇ ನಂಬಿದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸೂರ್ಯನಿಗೆ ಜೀವ ಇದೆಯಾ, ಗಾಳಿಗೆ ಗೊತ್ತಾಗುತ್ತದಾ ಎಂದೆಲ್ಲ ಕೇಳಿದ್ದ. ಚಿಕ್ಕ ಮಕ್ಕಳು ಚಲಿಸುವುದಕ್ಕೆಲ್ಲ ಜೀವ ಇದೆ ಅಂದುಕೊಳ್ಳುತ್ತಾರೆ, ವಯಸ್ಸಾದ ಹಾಗೆ ಆ ನಂಬಿಕೆ ಒಂದೊಂದೇ ವಸ್ತುವಿನಿಂದ ಕಳಚಿಕೊಳ್ಳುತ್ತದೆ ಎಂದು ಆತ ಬರೆದ. ಚಂದ್ರ ನಿಜವಾಗಿ ಹಿಂಬಾಲಿಸುವುದಿಲ್ಲ ಅಂತ ಗೊತ್ತಾದ ಮೇಲೂ "ಹಿಂಬಾಲಿಸಿದ" ಅನ್ನುವುದರಲ್ಲಿ ಮಜಾ ಇದೆ. ಆ ಮಜಾ ಗೊತ್ತಾಗುವುದು ಎಂಟು, ಒಂಬತ್ತು ವರ್ಷದ ಹೊತ್ತಿಗೆ.

ಮೊದಲ ದಿನ ಏನು ಮಾಡಲಿ? ವ್ಯಾಖ್ಯೆ ಬರೆಸಲೇ?

ಬರೆಸಬೇಡಿ. ಬೇಟೆಗೆ ಕಳಿಸಿ.

ಮಕ್ಕಳ ಬಾಯಲ್ಲಿ ಮಾನವೀಕರಣ ಆಗಲೇ ಇದೆ. ಹೊಟ್ಟೆ ತಾಳ ಹಾಕುತ್ತದೆ. ನಿದ್ದೆ ಎಳೆಯುತ್ತದೆ. ಅಪ್ಪನ ಗಾಡಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗದೆ ಹಠ ಮಾಡುತ್ತದೆ. ಬದನೆಕಾಯಿ ಎಣ್ಣೆ ಕುಡಿಯುತ್ತದೆ. ಗೋಡೆಗೆ ಕಿವಿ ಇದೆ. ಮೊಬೈಲ್ ಸತ್ತುಹೋಗುತ್ತದೆ, ನೆಟ್‌ವರ್ಕ್ ಕೈ ಕೊಡುತ್ತದೆ. ನಮ್ಮ ಕುಕ್ಕರ್ ಅಂತೂ ಕೂಗುತ್ತದೆ! "ಮೂರು ಕೂಗು ಕೂಗಿದರೆ ಆಫ್ ಮಾಡು" ಅಂತ ಅಮ್ಮ ಹೇಳಿ ಹೋಗುವುದು ಪ್ರತಿ ಮನೆಯ ಮಾತು. ಕೂಗುವುದು ಗಂಟಲಿದ್ದವರ ಕೆಲಸ ಅಂತ ಯಾರೂ ಯೋಚಿಸಿರುವುದಿಲ್ಲ.

ನಾನು ಮೊದಲ ದಿನ ಕುಕ್ಕರ್‌ನಿಂದಲೇ ಶುರು ಮಾಡುತ್ತೇನೆ. "ಕುಕ್ಕರಿಗೆ ಬಾಯಿ ಎಲ್ಲಿದೆ?" ಅಂತ ಕೇಳಿದರೆ ತರಗತಿ ಎರಡು ಪಕ್ಷ ಆಗುತ್ತದೆ. ವಿಸಲ್ಲೇ ಬಾಯಿ ಅನ್ನುವವರು ಒಂದು ಕಡೆ, ಅದು ಮೂಗು ಅನ್ನುವವರು ಇನ್ನೊಂದು ಕಡೆ. ಜಗಳ ಐದು ನಿಮಿಷ ನಡೆಯಲಿ.

ಆಮೇಲೆ ಮನೆಗೆಲಸ: ಮನೆಯಲ್ಲಿ, ಅಂಗಡಿಯಲ್ಲಿ, ಪೇಪರಿನಲ್ಲಿ ಇಂಥ ಐದು ಮಾತು ಹಿಡಿದು ತನ್ನಿ. ಪೇಪರಿನ ತಲೆಬರಹಗಳು ಗಣಿ ಇದ್ದ ಹಾಗೆ. ಮುನಿಸಿಕೊಂಡ ವರುಣ, ಕರೆಂಟ್ ಕಣ್ಣಾಮುಚ್ಚಾಲೆ, ಶತಕ ಬಾರಿಸಿದ ಟೊಮೆಟೊ. ಟೊಮೆಟೊ ಬ್ಯಾಟ್ ಹಿಡಿದ ಚಿತ್ರವನ್ನು ಮಕ್ಕಳು ಕೇಳದೆಯೇ ಬರೆದು ತರುತ್ತಾರೆ.

ಇಂಗ್ಲಿಷ್ ವರ್ಕ್‌ಶೀಟ್‌ಗಳು ಬೇಕಾದಷ್ಟು ಸಿಗುತ್ತವೆ. ಅವನ್ನೇ ಕನ್ನಡಕ್ಕೆ ತಿರುಗಿಸಿಕೊಂಡರೆ ಆಗದೇ?

ಅರ್ಧ ಆಗುತ್ತದೆ, ಅರ್ಧ ಕೈ ಕೊಡುತ್ತದೆ. ಇಂಗ್ಲಿಷಿನ ಗಡಿಯಾರಕ್ಕೆ ಕೈಗಳಿವೆ, ನಮ್ಮದಕ್ಕೆ ಮುಳ್ಳುಗಳು. "ಗಡಿಯಾರ ತನ್ನ ಕೈಗಳಿಂದ ಮುಖ ಮುಚ್ಚಿಕೊಂಡಿತು" ಅಂದರೆ ನಮ್ಮ ಮಕ್ಕಳು ಪಿಳಿಪಿಳಿ ನೋಡುತ್ತಾರೆ. ಬದಲಿಗೆ ನಮ್ಮ ತೆಂಗಿನಕಾಯಿಗೆ ಕಣ್ಣೂ ಇದೆ, ಜುಟ್ಟೂ ಇದೆ. ಅದನ್ನು ತನ್ನಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಕ್ರಿಯಾಪದದ ಬಾಲದಲ್ಲಿದೆ. ನನ್ನ ಪ್ರಕಾರ ಕನ್ನಡದಲ್ಲಿ ಈ ಪಾಠದ ಕೀಲಿಕೈ ಅದೇ.

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿಕೊಂಡು ಬರುತ್ತದೆ. ಮನುಷ್ಯರಿಗೆ, ದೇವರಿಗೆ ಬಂದನು, ಬಂದಳು. ಉಳಿದದ್ದಕ್ಕೆಲ್ಲ ಬಂದಿತು. ಹಾಗಾಗಿ ಒಂದು ವಸ್ತುವನ್ನು ಮನುಷ್ಯ ಮಾಡಲು ನಮಗೆ ಕವಿತೆಯೇ ಬೇಕಿಲ್ಲ, ಬಾಲ ಬದಲಾಯಿಸಿದರೆ ಸಾಕು. ಮಳೆ ಬಂತು. ಮಳೆರಾಯ ಬಂದ. ಎರಡನೇ ವಾಕ್ಯದಲ್ಲಿ ಬಾಗಿಲ ಹತ್ತಿರ ಯಾರೋ ನಿಂತ ಹಾಗಾಯಿತು, ಅಲ್ವಾ?

ನಾನು ಇದನ್ನು ಮೆಟ್ಟಿಲು ಮಾಡಿ ಕಲಿಸುತ್ತೇನೆ. ಬೋರ್ಡಿನ ಮೇಲೆ "ಫ್ಯಾನು ತಿರುಗಿತು" ಅಂತ ಬರೆಯುತ್ತೇನೆ. ಇದು ನೆಲ. ಮೊದಲ ಮೆಟ್ಟಿಲಲ್ಲಿ ಕೆಲಸ ಮಾತ್ರ ಬದಲಾಗುತ್ತದೆ: "ಫ್ಯಾನು ಎಲ್ಲರನ್ನೂ ನೋಡಿತು." ಬಾಲ ಇನ್ನೂ ವಸ್ತುವಿನದೇ. ಎರಡನೇ ಮೆಟ್ಟಿಲಲ್ಲಿ ಬಾಲವೂ ಬದಲಾಗುತ್ತದೆ: "ನೋಡಿದ." ಇಷ್ಟಕ್ಕೇ ನಿಲ್ಲಿಸುವ ಯೋಚನೆ ನನ್ನದು. ಆದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೂರನೇ ಮೆಟ್ಟಿಲು ಹತ್ತಿಬಿಟ್ಟ. ಆಫೀಸ್ ರೂಮಿನ ಟೇಬಲ್ ಫ್ಯಾನ್ ಬಗ್ಗೆ ಅವನು ಬರೆದದ್ದು: "ಫ್ಯಾನ್ ಮೇಷ್ಟ್ರು ಕತ್ತು ತಿರುಗಿಸಿ ತಿರುಗಿಸಿ ಎಲ್ಲರನ್ನೂ ನೋಡಿದರು. ಯಾರೂ ಕಾಪಿ ಹೊಡೆಯಲಿಲ್ಲ." ಆ "ನೋಡಿದರು" ಅನ್ನುವ ಗೌರವದ ಬಾಲ ಇಲ್ಲದಿದ್ದರೆ ಮೇಷ್ಟ್ರು ಕಾಣುತ್ತಲೇ ಇರಲಿಲ್ಲ. ಇದನ್ನು ಯಾವ ವರ್ಕ್‌ಶೀಟಿನಿಂದ ತಿರುಗಿಸಿಕೊಳ್ಳುವುದು?

ಹಾಗಾದರೆ "ಸೂರ್ಯ ಹುಟ್ಟಿದ" ಕೂಡ ಮಾನವೀಕರಣವೇ? "ಮಗು ಬಂತು" ಅಂದರೆ ಮಗು ವಸ್ತುವೇ?

ಈ ಪ್ರಶ್ನೆ ಕೇಳುವ ಮಗು ಇದ್ದರೆ ಅದಕ್ಕೊಂದು ಚಾಕೊಲೇಟ್ ಕೊಡಿ. ನಮ್ಮ ವ್ಯಾಕರಣದಲ್ಲಿ ಸೂರ್ಯ, ಚಂದ್ರ, ಶನಿ ಇವೆಲ್ಲ ಪುನ್ನಪುಂಸಕ. ಸೂರ್ಯ ಮೂಡಿದನು ಅಂದರೂ ಸರಿ, ಮೂಡಿತು ಅಂದರೂ ಸರಿ. ಮಗು, ಕೂಸು, ಶಿಶು ನಿತ್ಯನಪುಂಸಕ, ಯಾವಾಗಲೂ "ಬಂತು". ಇವು ರೂಢಿಯ ಬಾಲಗಳು, ಬರೆಯುವವರು ಬೇಕೆಂದು ಬದಲಿಸಿದ್ದಲ್ಲ. ಹಾಗಾಗಿ ಬಾಲ ಒಂದು ಸುಳಿವು ಮಾತ್ರ. "ಸೂರ್ಯ ಹುಟ್ಟಿದ" ಬಿಟ್ಟುಬಿಡಿ. "ಸೂರ್ಯ ಮೋಡದ ಕಂಬಳಿ ಎಳೆದುಕೊಂಡು ಇನ್ನೊಂದು ನಿದ್ದೆ ಮಾಡಿದ" ಅಂದರೆ ಹಿಡಿದುಕೊಳ್ಳಿ.

ಮನೆಯಲ್ಲಿ ಉರ್ದು ಮಾತಾಡುವ ಮಗು "ಬಸ್ ಬಂದಳು" ಅಂತ ಬರೆದಿದೆ. ಸರಿ ಹಾಕಲೇ, ತಪ್ಪು ಹಾಕಲೇ?

ಎರಡೂ ಬೇಡ, ಮೊದಲು ಕೇಳಿ. ಉರ್ದು, ಹಿಂದಿಯಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಇದೆ. ಬಸ್ಸು ಅಲ್ಲಿ ಸ್ತ್ರೀಲಿಂಗ, ರೊಟ್ಟಿಯೂ ಸ್ತ್ರೀಲಿಂಗ. ಮಗು ಮನೆಯ ವ್ಯಾಕರಣವನ್ನು ಇಲ್ಲಿಗೆ ತಂದಿರಬಹುದು, ಅದರಲ್ಲಿ ಕಲ್ಪನೆ ಏನೂ ಇಲ್ಲ. "ಬಸ್ಸು ಯಾರ ಹಾಗೆ ಬಂದಳು?" ಅಂತ ಕೇಳಿ. "ಚಿಕ್ಕಮ್ಮನ ಹಾಗೆ, ಯಾವಾಗಲೂ ಲೇಟು" ಅಂದರೆ ಮಾನವೀಕರಣ. ಸುಮ್ನೆ ಮುಖ ನೋಡಿದರೆ ವ್ಯಾಕರಣ ತಿದ್ದಿ.

ಉಪಮೆ, ರೂಪಕದ ಜೊತೆ ಗೊಂದಲ ಆಗುತ್ತದೆ. ಬೇರೆ ಮಾಡುವುದು ಹೇಗೆ?

"ಹಾಗೆ", "ಅಂತೆ" ಇದ್ದರೆ ಉಪಮೆ. ಒಂದು ಇನ್ನೊಂದೇ ಆಗಿಬಿಟ್ಟರೆ ರೂಪಕ. ಆ ಇನ್ನೊಂದು ಮನುಷ್ಯನಾಗಿ ಕೆಲಸವನ್ನೂ ಮಾಡಿದರೆ ಮಾನವೀಕರಣ. ಒಗಟುಗಳಲ್ಲಿ ಇದನ್ನು ಚೆನ್ನಾಗಿ ತೋರಿಸಬಹುದು. "ಅಮ್ಮನ ಸೀರೆ ಮಡಿಸೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ." ಆಕಾಶ ಸೀರೆಯಾಯಿತು, ನಕ್ಷತ್ರ ದುಡ್ಡಾಯಿತು, ಯಾವುದೂ ಮನುಷ್ಯ ಆಗಲಿಲ್ಲ. ಕಲ್ಲಂಗಡಿಯ ಕೆಂಪು ಕೋಟೆಯೊಳಗೆ ಕೂತ ಕರಿಯ ಸಿಪಾಯಿಗಳು ಮಾತ್ರ ಮನುಷ್ಯರು. ಈರುಳ್ಳಿಯದು ಕೇಳಿ ನೋಡಿ: "ಅಂಗಡಿಯಿಂದ ತರೋದು, ಮುಂದಿಟ್ಕೊಂಡು ಅಳೋದು." ಇಲ್ಲಿ ಅಳುವವರು ನಾವೇ. ಅರ್ಧ ತರಗತಿ ಇದರಲ್ಲಿ ಬೀಳುತ್ತದೆ.

ಗಡಿ ಅಷ್ಟು ಗಟ್ಟಿ ಇಲ್ಲ, ಎರಡೂ ಆಗುವ ವಾಕ್ಯಗಳಿವೆ. ಐದನೇ ತರಗತಿಯಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಮಾತಾಡುವ ಪ್ರಾಣಿಗಳ ಕತೆ ಕೂಡ ಇದೇ ಅಲ್ಲವೇ?

ಹೌದು, ಆದರೆ ಪಾಠ ಅಲ್ಲಿಂದ ಶುರು ಮಾಡಬೇಡಿ. ಪುಣ್ಯಕೋಟಿ ಹುಲಿಗೆ ಮಾತು ಕೊಡುವಾಗ ಮಕ್ಕಳು ಹಸುವನ್ನು ಮರೆತು ತಾಯಿಯನ್ನಷ್ಟೇ ನೋಡುತ್ತಾರೆ. ಪಂಚತಂತ್ರದ ನರಿಯೂ ಹಾಗೇ. ದುರ್ಗಸಿಂಹ 11ನೇ ಶತಮಾನದಲ್ಲೇ ಅದನ್ನು ಕನ್ನಡಕ್ಕೆ ತಂದಿದ್ದಾನೆ, ಅಷ್ಟು ಹಳೆಯ ಅಭ್ಯಾಸ ನಮಗೆ. ಪ್ರಾಣಿ ಮಾತಾಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಪೊರಕೆ ಮಾತಾಡಿದರೆ ಕಿವಿ ನೆಟ್ಟಗಾಗುತ್ತದೆ.

ಮಕ್ಕಳು ಎಲ್ಲದಕ್ಕೂ "ನಗುತ್ತಿದೆ" ಅಂತ ಬರೆಯುತ್ತಾರೆ. ಹೂ ನಗುತ್ತಿದೆ, ಪೆನ್ಸಿಲ್ ನಗುತ್ತಿದೆ, ಪುಸ್ತಕ ನಗುತ್ತಿದೆ. ಏನು ಮಾಡಲಿ?

ಎಲ್ಲ ಶಾಲೆಯ ಕಾಯಿಲೆ ಇದು. ಔಷಧಿ ಮೂರು ಪ್ರಶ್ನೆ. ಯಾವ ವಸ್ತು? ಯಾವ ಕೆಲಸ? ನಿಜವಾಗಿ ಆದದ್ದೇನು?

ಮೂರನೆಯದೇ ಮುಖ್ಯ. "ಪೆನ್ಸಿಲ್ ನಗುತ್ತಿದೆ. ಸರಿ, ನಿಜವಾಗಿ ಏನಾಯ್ತು?" ಉತ್ತರ ಇಲ್ಲ. ಏನೂ ಆಗಿಲ್ಲ, ಮಗು ಪೆನ್ಸಿಲ್ ನೋಡಿಯೇ ಇಲ್ಲ. ದಂಡಿಯ ಷರತ್ತು ಇಲ್ಲಿ ಬಂತು ನೋಡಿ, ಲೋಕ ಒಪ್ಪಬೇಕು.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ನಲ್ಲಿ ಇತ್ತು. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತಿತ್ತು. ಐದನೇ ತರಗತಿಯ ಹುಡುಗಿಯೊಬ್ಬಳು ಬರೆದಳು: "ನಲ್ಲಿ ಅಳ್ತಾನೇ ಇದಾನೆ. ಎಲ್ಲರೂ ಕಿವಿ ಹಿಂಡಿ ಹೋಗ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ." ನಿಜವಾಗಿ ಏನಾಯ್ತು ಅಂತ ಕೇಳಿದೆ. "ವಾಷರ್ ಹೋಗಿದೆ ಮಿಸ್" ಅಂದಳು. ನಲ್ಲಿಯ ಕಿವಿ ಯಾವುದು ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೇ ಇರಲಿಲ್ಲ. ಆ ಹುಡುಗಿ ನಲ್ಲಿಯ ಮುಂದೆ ನಿಂತು ನೋಡಿದ್ದಳು.

ಅಂದಿನಿಂದ ನನ್ನ ನಿಯಮ ಒಂದೇ: ಮೊದಲು ಐದು ನಿಮಿಷ ನೋಡಿ, ಆಮೇಲೆ ಬರೆಯಿರಿ. "ನಗು", "ಅಳು", "ಕುಣಿ" ಈ ಮೂರಕ್ಕೆ ವಾರದ ರಜೆ ಕೊಟ್ಟು ನೋಡಿ. ಗೊಣಗುವುದು, ಆಕಳಿಸುವುದು, ಸಾಲ ಕೇಳುವುದು, ಚಾಡಿ ಹೇಳುವುದು ಎಲ್ಲ ಹೊರಗೆ ಬರುತ್ತವೆ. ನಲ್ಲಿ ಮಾತ್ರ ಅಳಬಹುದು, ಅದಕ್ಕೆ ಕಾರಣ ಇದೆ.

ವಿಜ್ಞಾನದ ದೃಷ್ಟಿಯಿಂದ ಇದು ತಪ್ಪಲ್ಲವೇ? ಪರಿಸರ ಅಧ್ಯಯನದ ಉತ್ತರದಲ್ಲೂ "ಮೋಡ ಅತ್ತಿತು" ಅಂತ ಬರೆದುಬಿಟ್ಟರೆ?

ಬರೆಯುತ್ತಾರೆ. ಬರೆದಾಗ ತಿದ್ದಬೇಕು. ಆದರೆ ಎರಡನ್ನೂ ಒಟ್ಟಿಗೆ ಕಲಿಸಲು ಒಂದು ಗಿಡ ಇದೆ: ಮುಟ್ಟಿದರೆ ಮುನಿ.

ಮಳೆಗಾಲದಲ್ಲಿ ಮಕ್ಕಳನ್ನು ಅದರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬೊಬ್ಬರೇ ಒಂದು ಎಲೆ ಮುಟ್ಟಲಿ. ಎಲೆ ಜೋಡಿಜೋಡಿಯಾಗಿ ಮಡಿಚಿಕೊಳ್ಳುತ್ತದೆ, ಕೊನೆಗೆ ತೊಟ್ಟು ಜೋತುಬೀಳುತ್ತದೆ. ಆದದ್ದನ್ನು ಮೊದಲು ಹಾಗೇ ಬರೆಸಿ. ತೊಟ್ಟಿನ ಬುಡದಲ್ಲಿ ಪುಟ್ಟ ಉಬ್ಬು ಇದೆ. ಮುಟ್ಟಿದಾಗ ಅಲ್ಲಿನ ಜೀವಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಬಿಗಿ ಸಡಿಲುತ್ತದೆ, ಎಲೆ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಅರಳಿರುತ್ತದೆ. ಇದು ವಿಜ್ಞಾನದ ವಾಕ್ಯ.

ಈಗ ಹೆಸರಿಗೆ ಬನ್ನಿ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ ಇದು. ನಮ್ಮವರು ಇದು ಮುನಿಸಿಕೊಂಡಿತು ಅಂದರು. ನಾಚಿಕೆ ಮುಳ್ಳು ಅನ್ನುವ ಕಡೆ ನಾಚಿಕೊಂಡಿತು. ಸಸ್ಯಶಾಸ್ತ್ರದ ಹೆಸರು ಮಿಮೋಸಾ ಪುಡಿಕಾ, ಲ್ಯಾಟಿನ್‌ನಲ್ಲಿ ಪುಡಿಕಾ ಅಂದರೂ ನಾಚಿಕೆಯವಳು. ತಮಿಳಿನಲ್ಲಿ ತೊಟ್ಟಾಲ್ ಸಿಣುಂಗಿ, ಮುಟ್ಟಿದರೆ ಸಿಣಸಿಣ ಅಳುವುದು. ಮಲಯಾಳದಲ್ಲಿ ತೊಟ್ಟಾವಾಡಿ, ಮುಟ್ಟಿದರೆ ಬಾಡುವುದು. ಮಲಯಾಳಿಗಳು ಗಿಡವನ್ನು ಗಿಡವಾಗಿಯೇ ಬಿಟ್ಟರು!

ಒಂದೇ ಎಲೆ, ಒಂದೇ ಮಡಿಚುವಿಕೆ. ಒಬ್ಬರಿಗೆ ಸಿಟ್ಟು ಕಂಡಿತು, ಒಬ್ಬರಿಗೆ ನಾಚಿಕೆ, ಒಬ್ಬರಿಗೆ ಅಳು. "ನಿನಗೆ ಏನು ಕಂಡಿತು?" ಅಂತ ಕೇಳಿ. ನನ್ನ ತರಗತಿಯಲ್ಲಿ ಬಂದ ಉತ್ತರಗಳಲ್ಲಿ ಒಂದು: "ಮಲಗಿದ ಹಾಗೆ ನಾಟಕ ಆಡ್ತಿದಾಳೆ, ಹೋಂವರ್ಕ್ ಕೇಳ್ತಾರೆ ಅಂತ."

ಕಾವೇರಿ ತಾಯಿ, ಭೂಮಿತಾಯಿ ಉದಾಹರಣೆಗಳನ್ನು ಕೊಡಬಹುದೇ?

ಜಾಗರೂಕತೆಯಿಂದ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಲು ಹೋಗುವ ಮನೆಯ ಮಗುವಿಗೆ ಕಾವೇರಿ ಅಲಂಕಾರ ಅಲ್ಲ, ಅಮ್ಮ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಬಯಕೆ ಊಟ ಬಡಿಸುತ್ತಾರೆ, ಭೂಮಿ ಅವತ್ತು ಬಸುರಿ. ರಾಗಿ ಬೀಸುವವರು ಹಾಡಿನಲ್ಲಿ ಬೀಸುಕಲ್ಲನ್ನು ಕಲ್ಲವ್ವ ಅಂತ ಕರೆಯುತ್ತಾರೆ. ಇವು ಬರೀ ಮಾತಿನ ಚಮತ್ಕಾರಗಳಲ್ಲ, ಇವುಗಳ ಜೊತೆ ಜನ ಬದುಕಿದ್ದಾರೆ. "ನಿಜವಾಗಿ ಏನಾಯ್ತು?" ಅನ್ನುವ ಪ್ರಶ್ನೆಯನ್ನು ಇಲ್ಲಿ ಹಾಕಿದರೆ ಮಗುವಿಗೆ ನೋವಾಗಬಹುದು.

ನಾನು ಇವನ್ನು ಅಭ್ಯಾಸಕ್ಕೆ ಬಳಸುವುದಿಲ್ಲ, ಮಾತುಕತೆಗೆ ಬಳಸುತ್ತೇನೆ. ನಿಮ್ಮ ಮನೆಯಲ್ಲಿ ಯಾವ ವಸ್ತುವಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೀರಿ ಅಂತ ಕೇಳಿದರೆ ಒಂದು ಪೀರಿಯಡ್ ಸಾಲುವುದಿಲ್ಲ.

"ಛತ್ರಿಯ ಆತ್ಮಕಥೆ" ಬರೆಸುವುದು ಒಳ್ಳೆಯ ಅಭ್ಯಾಸವೇ?

ಆಗಬಹುದಿತ್ತು. ಗೈಡುಗಳು ಅದನ್ನು ಹಾಳು ಮಾಡಿವೆ. "ನಾನೊಂದು ಛತ್ರಿ. ನನ್ನ ಬಣ್ಣ ಕಪ್ಪು. ನಾನು ಕಾರ್ಖಾನೆಯಲ್ಲಿ ಹುಟ್ಟಿದೆ. ನಾನು ಎಲ್ಲರಿಗೂ ಉಪಯೋಗಕ್ಕೆ ಬರುತ್ತೇನೆ." ಇದರಲ್ಲಿ ಛತ್ರಿಯೂ ಇಲ್ಲ, ಆತ್ಮವೂ ಇಲ್ಲ. "ನಾನು" ಅಂತ ಬರೆದ ಮಾತ್ರಕ್ಕೆ ವಸ್ತು ಮನುಷ್ಯ ಆಗುವುದಿಲ್ಲ.

ಇಡೀ ಜೀವನಚರಿತ್ರೆ ಬೇಡ, ಒಂದು ಗಂಟೆ ಕೇಳಿ. ಬಸ್ಸಿನಲ್ಲಿ ಮರೆತು ಬಿಟ್ಟುಹೋದ ಮೇಲೆ ಛತ್ರಿಯ ಮೊದಲ ಒಂದು ಗಂಟೆ. ಜಾತ್ರೆಯ ದಿನದ ಹತ್ತು ರೂಪಾಯಿ ನೋಟು, ಯಾರ ಜೇಬಿನಿಂದ ಯಾರ ಜೇಬಿಗೆ. ಪರೀಕ್ಷೆಯ ಹಾಲ್‌ನಲ್ಲಿ ರಬ್ಬರ್. ಇನ್ನೂ ಒಂದು ಕಿವಿಮಾತು: ವಸ್ತುವಿಗೆ ಒಂದು ದೂರು ಇರಲಿ. ಕಸದ ಬುಟ್ಟಿಗೆ ಯಾರ ಮೇಲೆ ಕೋಪ ಅಂತ ಕೇಳಿದರೆ ಮಕ್ಕಳು ಎರಡು ಪುಟ ಬರೆಯುತ್ತಾರೆ. ಒಮ್ಮೆ ನನ್ನ ಹೆಸರೂ ಬಂದಿತ್ತು. ಸೀಮೆಸುಣ್ಣದ ತುಂಡು ಬುಟ್ಟಿಯ ಹೊರಗೆ ಎಸೆಯುತ್ತೇನಂತೆ.

ನದಿ, ಹೂ ಎಲ್ಲ "ಅವಳು", ಸೂರ್ಯ, ಬೆಟ್ಟ ಎಲ್ಲ "ಅವನು" ಆಗುತ್ತವೆ. ಇದು ಸರಿಯೇ?

ಕನ್ನಡದಲ್ಲಿ ಬಾಲ ಬದಲಿಸಿದ ಕೂಡಲೇ ಗಂಡೋ ಹೆಣ್ಣೋ ಅಂತ ಆರಿಸಬೇಕಾಗುತ್ತದೆ, "ನೋಡಿದರು" ಅನ್ನುವಂಥ ಗೌರವದ ಬಾಲ ಬಿಟ್ಟರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮಕ್ಕಳು ರೂಢಿಯನ್ನೇ ಆರಿಸುತ್ತಾರೆ. ಪೊರಕೆ, ಸೌಟು ಅವಳು. ಲಾರಿ, ಸಿಂಹ ಅವನು. ನಾನು ಭಾಷಣ ಮಾಡುವುದಿಲ್ಲ. ಬ್ರಹ್ಮಪುತ್ರ ಗಂಡು ಹೆಸರಿನ ನದಿ ಅಂತ ಹೇಳಿ, ಇವತ್ತು ಎಲ್ಲರೂ ತಿರುಗಿಸಿ ಬರೆಯಿರಿ ಅನ್ನುತ್ತೇನೆ. ಲಾರಿ ಅಜ್ಜಿಯಾಗಿ ದಮ್ಮು ಎಳೆಯುತ್ತ ಘಾಟಿ ಹತ್ತಿದ್ದು ಆ ದಿನವೇ.

ಕೆಲವು ಮಕ್ಕಳು ಪ್ರತಿ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಅವರಿಗೆ?

ಆಟಿಸಂ ಇರುವ ಕೆಲವು ಮಕ್ಕಳಿಗೆ "ಗೋಡೆಗೆ ಕಿವಿ ಇದೆ" ಅನ್ನುವುದು ಗಾಬರಿಯ ಮಾತು. "ನಿಜವಾಗಿ ಆದದ್ದು" ಮತ್ತು "ನಾವು ಅಂದದ್ದು" ಅಂತ ಎರಡು ಕಾಲಂ ಮಾಡಿ, ಪಕ್ಕಪಕ್ಕ ಬರೆದು ತೋರಿಸಿ. ಅವರು ನಿಜದ ಕಾಲಂ ಮಾತ್ರ ತುಂಬಿದರೂ ಸಾಕು. ಆ ಕಾಲಂ ಅನ್ನು ಅವರಷ್ಟು ಚೆನ್ನಾಗಿ ಬೇರೆಯವರು ತುಂಬುವುದು ಕಡಿಮೆ.

ಅಂಕ ಹೇಗೆ ಕೊಡುವುದು?

"ಮಾನವೀಕರಣ ಎಂದರೇನು? 2 ಅಂಕ" ಅಂತ ಕೇಳಬೇಡಿ. ಬಾಯಿಪಾಠ ಬರುತ್ತದೆ. ಒಂದು ವಸ್ತುವನ್ನು ಮೇಜಿನ ಮೇಲಿಟ್ಟು ಎರಡು ವಾಕ್ಯ ಬರೆಸಿ, ಒಂದು ನಿಜದ್ದು, ಒಂದು ಮನುಷ್ಯ ಮಾಡಿದ್ದು. ಎರಡಕ್ಕೂ ಸಂಬಂಧ ಇದ್ದರೆ ಪೂರ್ತಿ ಅಂಕ. ಕಾಗುಣಿತಕ್ಕೆ ಇಲ್ಲಿ ಕಳೆಯಬೇಡಿ.

ನಾವು ಅಮೆರಿಕದಲ್ಲಿದ್ದೇವೆ. ಮಗುವಿಗೆ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಇದು ಬರುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಏನು ಮಾಡಬಹುದು?

ಅಲ್ಲಿನ ಹಲವು ರಾಜ್ಯಗಳು ಒಪ್ಪಿಕೊಂಡ ಕಾಮನ್ ಕೋರ್ ಕಲಿಕಾ ಮಾನದಂಡಗಳಲ್ಲಿ ಈ ಹೆಸರು ಬರುವುದು 6ನೇ ತರಗತಿಯಲ್ಲಿ, ಅವಸರ ಏನಿಲ್ಲ. ಮನೆಯಲ್ಲಿ ಬಾಲದ ಆಟ ಆಡಿ. ಡಿಶ್‌ವಾಷರ್ ನಿಂತಿತು, ನಿಂತ, ನಿಂತಳು, ನಿಂತರು. ಯಾವುದು ಸರಿಹೋಗುತ್ತದೆ, ಯಾಕೆ? ಕನ್ನಡದ ಕ್ರಿಯಾಪದವೂ ಅಭ್ಯಾಸ ಆಗುತ್ತದೆ.

ಬರೆದದ್ದನ್ನು ಆಮೇಲೆ ಏನು ಮಾಡುವುದು? ನೋಟ್‌ಬುಕ್ಕಿನಲ್ಲೇ ಉಳಿದುಬಿಡುತ್ತದೆ.

ಚೀಟಿಯಲ್ಲಿ ಬರೆಸಿ, ಆಯಾ ವಸ್ತುವಿನ ಪಕ್ಕದಲ್ಲೇ ಅಂಟಿಸಿ. ಗಂಟೆಗೆ, ಪೊರಕೆಗೆ, ಬೀರುವಿಗೆ, ಕಿಟಕಿಗೆ. ನಮ್ಮಲ್ಲಿ ನಲ್ಲಿಯ ಮೇಲಿನ ಗೋಡೆಗೂ ಆ ಹುಡುಗಿಯ ಚೀಟಿ ಅಂಟಿಸಿದ್ದೆವು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಸಭೆಗೆ ಬಂದ ಪೋಷಕರೊಬ್ಬರು ಅದನ್ನು ಓದಿ, ಮರುದಿನ ವಾಷರ್ ತಂದು ಹಾಕಿ ಹೋದರು. ಮಧ್ಯಾಹ್ನ ಊಟದ ತಟ್ಟೆ ತೊಳೆಯಲು ಹೋದಾಗ ನೋಡುತ್ತೇನೆ, "ಅಳ್ತಾನೇ ಇದಾನೆ" ಅನ್ನುವುದನ್ನು ಯಾರೋ ಪೆನ್ಸಿಲಿನಿಂದ ಹೊಡೆದುಹಾಕಿ ಕೆಳಗೆ "ಈಗ ಸುಮ್ಮನಾಗಿದಾನೆ" ಅಂತ ಬರೆದಿದ್ದರು.